ಗುಂಡಿ ಡಬ್ಬಿಯ ಮಾತ್ರೆಗಳು

"ಅದನ್ನ ಮುಟ್ಬೇಡಿ!"

ಟೈಲರಮ್ಮ ಕೂಗುವಷ್ಟರಲ್ಲಿ ಬಸ್ ಡ್ರೈವರ್ ಗುಂಡಿ ಡಬ್ಬಿಯ ಮುಚ್ಚಳ ತೆಗೆದಾಗಿತ್ತು. ಮನೆಯಲ್ಲಿ ಅತ್ತಿಗೆಯ ಕಣ್ಣಿಗೆ ಬೀಳಬಾರದೆಂದು ಅವಳು ಮಾತ್ರೆ ಇಡುತ್ತಿದ್ದುದೇ ಅಂಗಡಿಯ ಆ ಡಬ್ಬಿಯಲ್ಲಿ. ಅಂಗಿಗೆ ಹೊಂದುವ ಗುಂಡಿ ಹುಡುಕಿದವನ ಕೈಗೆ ಸಿಕ್ಕಿದ್ದು ಲೇಬಲ್ ಕಿತ್ತ ಬಾಟಲಿ, ಚೀಟಿ ಸುತ್ತಿದ್ದ ಒಂದು ಮಾತ್ರೆ ಸ್ಟ್ರಿಪ್. ಅವನ ಮುಖ ಬಿಳಿಚಿಕೊಂಡಿತು. ಅಂಗಿಯನ್ನೂ ಮರೆತು ಹೊರಟುಹೋದ.

ಮೂರು ತಿಂಗಳಿಂದ ವಾರಕ್ಕೊಂದು ಗುಂಡಿ ಕಿತ್ತುಕೊಂಡು ಬರುತ್ತಿದ್ದ ಆಸಾಮಿ! ತಾನಾಗಿ ಯಾರ ಗುಂಡಿಯೂ ಅಷ್ಟು ಉದುರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹೊಲಿದು ಕೊಡುತ್ತಿದ್ದಳು.

ಎಂಟು ದಿನವಾದರೂ ಅವನ ಸುಳಿವಿಲ್ಲ. 'ಗೊತ್ತಾಗಿಹೋಯ್ತು... ಎಚ್‌ಐವಿ ಅಂದ್ರೆ ಯಾರು ನಿಲ್ತಾರೆ?' ಎಂದು ಹೊಲಿಗೆ ಯಂತ್ರದ ಮೇಲೆ ಸಿಟ್ಟು ತೀರಿಸಿಕೊಂಡಳು. ಅಳು ಬಂತು, ಅತ್ತಳು.

ಒಂಬತ್ತನೇ ದಿನ ಬೆಳಿಗ್ಗೆ ಬಂದವನು ಬಾಗಿಲಲ್ಲೇ ನಿಂತ.

"ಆ ಸ್ಟ್ರಿಪ್ ಕೊಲೆಸ್ಟ್ರಾಲ್ ಮಾತ್ರೆದು. ಅಪ್ಪನಿಗೂ ಅದನ್ನೇ ಕೊಟ್ಟಿದ್ರು. ತಗೊಳ್ಳಲಿಲ್ಲ, ಹಾರ್ಟ್ ಅಟ್ಯಾಕಲ್ಲಿ ಹೋದ್ರು. ನಿಮ್ಮ ಸ್ಟ್ರಿಪ್ಪಲ್ಲೂ ಒಂದೂ ಕಮ್ಮಿಯಾಗಿಲ್ಲ. ಸುತ್ತಿದ್ದ ಡಾಕ್ಟರ್ ಚೀಟಿ ತಿಂಗಳ ಹಿಂದಿನದು. ಇನ್ನೊಬ್ಬರನ್ನ ಹಾಗೆ ಕಳ್ಕೊಳ್ಳೋ ಧೈರ್ಯ ಇಲ್ಲ ಅಂತ ಓಡಿಹೋದೆ. ಬರದೇ ಇರೋಕಾಗ್ಲಿಲ್ಲ."

ಅಂದರೆ, ಆ ಬಾಟಲಿ ಯಾವುದೆಂದು ಇವನಿಗೆ ಗೊತ್ತೇ ಇಲ್ಲ! ಸುಮ್ಮನಿದ್ದರೆ ಮುಚ್ಚಿಹೋಗುತ್ತಿತ್ತು. ಆದರೆ ಮುಚ್ಚಿಟ್ಟು ಬಾಳುವುದು ಅವಳಿಗೆ ಬೇಕಿರಲಿಲ್ಲ. ಕತ್ತರಿ ಕೆಳಗಿಟ್ಟಳು.

"ಬಾಟಲಿಯಲ್ಲಿರೋದು ಎಚ್‌ಐವಿ ಮಾತ್ರೆ. ಒಂಬತ್ತು ವರ್ಷದಿಂದ ಒಂದು ದಿನಾನೂ ತಪ್ಪಿಸಿಲ್ಲ. ಈಗ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗಲ್ಲ. ಹೀಗೇ ಇದ್ರೆ ಸಂಗಾತಿಗೆ ಹರಡಲ್ಲ ಅಂತ ಡಾಕ್ಟರ್ ಹೇಳಿದ್ದಾರೆ."

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಹೋಗುವುದಾದರೆ ಹೋಗಲಿ ಎಂದು ಅವಳು ಅವನ ಅಂಗಿ ಮಡಿಸಿ ಮುಂದಿಟ್ಟಳು.

"ಅಷ್ಟು ಕಟ್ಟುನಿಟ್ಟಾಗಿರೋರು ಕೊಲೆಸ್ಟ್ರಾಲ್ ಮಾತ್ರೆ ಯಾಕೆ ಬಿಟ್ರಿ?" ಎಂದು ಅವನು ಕೇಳಿದ.

ಎಚ್‌ಐವಿ ಇರುವವರಿಗೆ ಹೃದಯದ ಕಾಯಿಲೆಯ ಅಪಾಯ ಹೆಚ್ಚು, ಮಾತ್ರೆ ಬೇಕು, ದಿನಾ ಅರ್ಧ ಗಂಟೆ ನಡೆಯಬೇಕು ಎಂದು ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳಿದಳು. ಒಂದನ್ನು ಹದ್ದುಬಸ್ತಿಗೆ ತಂದು ನಿಂತವಳಿಗೆ ಇನ್ನೊಂದರ ಹೆಸರೇ ಬೇಡವಾಗಿತ್ತು.

"ಯಾರಿಗೋಸ್ಕರ ಇಷ್ಟೆಲ್ಲ ಅನ್ನಿಸ್ತು."

"ನನಗೋಸ್ಕರ ಅಂದ್ಕೊಳ್ಳಿ."

"ಬೇಡ. ನನಗೋಸ್ಕರಾನೇ ತಗೋತೀನಿ. ನೀವು ಜೊತೆಗಿರಿ... ಅಷ್ಟು ಸಾಕು."

ಅವನೆದುರೇ ಸ್ಟ್ರಿಪ್ಪಿನ ಮೊದಲ ಮಾತ್ರೆ ನುಂಗಿದಳು. ಆಮೇಲೆ ದಾರ ಪೋಣಿಸಿ, ಅವನ ಅಂಗಿಗೆ ಗುಂಡಿಯನ್ನು ನಾಲ್ಕು ಸುತ್ತು ಹೆಚ್ಚೇ ಹೊಲಿದಳು.

"ಇನ್ನು ಕಿತ್ರೂ ಬರಲ್ಲ. ನಾಳೆಯಿಂದ ಏನು ನೆಪ?"

"ವಾಕಿಂಗಿಗೆ ಕರೆಯೋಕೆ ಬರ್ತೀನಿ."

"ದಿನವಿಡೀ ಕೂತೇ ಇರೋ ಡ್ರೈವರ್‌ಗೆ ನಡೆಯೋಕೆ ಬರುತ್ತಾ?"

"ನೀನು ಕಲಿಸ್ತೀಯಲ್ಲ, ಟೈಲರಮ್ಮ."