ಸಹವೇದನಾ ಪಟ್ಟಿ

ಕುಸ್ತಿಯಲ್ಲಿ ಪೆಟ್ಟು ತಿಂದಿದ್ದ ನೀಲವ್ವನ ಮೊಣಕಾಲಿಗೆ ಸುತ್ತಿದ್ದ ಸಹವೇದನಾ ಪಟ್ಟಿಯಲ್ಲಿ ಹಸಿರು ದೀಪ ಹೊತ್ತಿಕೊಂಡಿತು. ಎದುರಿನ ಕುರ್ಚಿಯಲ್ಲಿದ್ದ ಅವಳ ಕುಸ್ತಿಯ ಗುರು ತುಕಾರಾಮ ವಸ್ತಾದರ ಮೊಣಕಾಲಿನ ಜೋಡಿ ಪಟ್ಟಿಯೂ ಬೆಳಗಿತು.

"ಮಡಚವ್ವ, ನಿಧಾನ," ಎಂದು ವಸ್ತಾದರು ತಾವೂ ಕಾಲು ಮಡಚಿದರು. ನೀಲವ್ವನಿಗೆ ಜೀವ ಹೋದಂತಾಯಿತು. ತುಟಿ ಕಚ್ಚಿ ಸಹಿಸಿದಳು.

ಧಾರವಾಡದ ಆ ಕ್ರೀಡಾ ಚಿಕಿತ್ಸಾಲಯದಲ್ಲಿ ಈ ಪಟ್ಟಿಗಳನ್ನು ರೂಪಿಸಿದವರು ಡಾಕ್ಟರ್ ಫರ್ಜಾನಾ. ಅವುಗಳ ತತ್ತ್ವ ಸರಳ. ಪೆಟ್ಟು ತಿಂದ ಕೀಲು ವಾಸಿಯಾದರೂ ಸುತ್ತಲಿನ ಸ್ನಾಯುಗಳ ಹೆದರಿಕೆ ಹೋಗುವುದಿಲ್ಲ. ಹಗ್ಗ ಕಂಡರೂ ಹಾವೆಂದು ಬೆಚ್ಚುತ್ತವೆ. ಆರೋಗ್ಯವಂತರೊಬ್ಬರು ಜೊತೆಗೆ ಕಾಲು ಮಡಚಿದರೆ, ಅವರ ಕೀಲಿನ ಅನುಭವವನ್ನು ಪಟ್ಟಿ ನರಸಂಕೇತಗಳಾಗಿ ರೋಗಿಗೆ ತಲುಪಿಸಿ ಆ ಸ್ನಾಯುಗಳಿಗೆ ಧೈರ್ಯ ತುಂಬುತ್ತದೆ. ಜೊತೆಗಾರರ ಮೊಣಕಾಲು ಗಟ್ಟಿಮುಟ್ಟಾಗಿರಬೇಕು, ಅಷ್ಟೇ.

ಡಾಕ್ಟರ್ ಒಬ್ಬ ಸಹಾಯಕಿಯನ್ನು ಗೊತ್ತುಮಾಡಿದ್ದರು. ವಸ್ತಾದರು ಒಪ್ಪಬೇಕಲ್ಲ? ಪಟ್ಟು ಕಲಿಸಿದ ಕೈಯೇ ಉಳುಕನ್ನೂ ತಿಕ್ಕಬೇಕು, ಅದು ಗರಡಿಯ ರೀತಿ. "ನನ್ನ ಹುಡುಗಿಗೆ ಮಂದಿ ಮೊಣಕಾಲು ಯಾಕ್ರಿ? ನಂದು ಕಬ್ಬಿಣ ಐತಿ," ಎಂದು ತೊಡೆ ತಟ್ಟಿ ತಾವೇ ಕಟ್ಟಿಕೊಂಡರು. ಮನಸ್ಸು ಗಟ್ಟಿಯಿದ್ದರೆ ಪಟ್ಟಿಗೆ ಏನು ತಿಳಿಯುತ್ತದೆ ಎಂಬುದು ಅವರ ಲೆಕ್ಕ.

ಪಟ್ಟಿಯಿಲ್ಲದೆ ಕಾಲು ಮಡಚಬಾರದೆಂದು ಡಾಕ್ಟರ್ ಹೇಳಿದ್ದನ್ನು ನೀಲವ್ವ ಪಾಲಿಸಿದಳು. ನೋವು ಮಾತ್ರ ಜಗ್ಗಲಿಲ್ಲ. ಅವಳ ಕೀಲಿನ ಚಿತ್ರ ತೆಗೆದರೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ರಾಜ್ಯದ ತಂಡದ ಆಯ್ಕೆ ಹತ್ತಿರ ಬಂದಿತ್ತು.

"ಈ ವಾರ ಕಡಿಮಿ ಆಗಲಿಲ್ಲ ಅಂದ್ರ ಕುಸ್ತಿ ಬಿಡೂದ ಛಲೋ, ನೀಲಾ," ಎಂದು ಡಾಕ್ಟರ್ ಮೆಲ್ಲಗೆ ಹೇಳಿದರು. ಕುಸ್ತಿ ಬಿಟ್ಟು ನೀಲವ್ವನಿಗೆ ಬೇರೆ ಏನು ಗೊತ್ತು, ಪಾಪ?

ಅಷ್ಟರಲ್ಲಿ ವಸ್ತಾದರಿಗೆ ಫೋನ್ ಬಂತು. ಪಟ್ಟಿ ಬಿಚ್ಚದೆಯೇ ಎದ್ದು ಹೊರಗಿನ ಮೆಟ್ಟಿಲಿಳಿಯತೊಡಗಿದರು. ಮಂಚದ ಮೇಲೆ ಕಾಲು ಚಾಚಿ ಸುಮ್ಮನಿದ್ದ ನೀಲವ್ವನ ಮೊಣಕಾಲು ಚಳಕ್ ಎಂದಿತು. ಮತ್ತೊಮ್ಮೆ ಎಂದಿತು. ಕಿಟಕಿಯಲ್ಲಿ ನೋಡಿದಳು. ವಸ್ತಾದರು ಒಂದೊಂದು ಮೆಟ್ಟಿಲು ಇಳಿದಾಗಲೂ ಇಲ್ಲಿ ಚಳಕ್.

"ಡಾಕ್ಟರ್, ನಾ ಅಲುಗಾಡೇ ಇಲ್ಲರೀ," ಎಂದಳು.

ಫರ್ಜಾನಾ ತಟ್ಟನೆ ಅವಳ ಪಟ್ಟಿ ಬಿಚ್ಚಿದರು. "ಬೈಠಕ್ ಹೊಡಿ, ನೋಡೂಣು."

ನೀಲವ್ವ ಅಂಜುತ್ತಲೇ ಕುಕ್ಕರಿಸಿದಳು, ಎದ್ದಳು. ನೋವು ಸುಳಿಯಲೇ ಇಲ್ಲ.

ಡಾಕ್ಟರ್ ಹಣೆ ಬಡಿದುಕೊಂಡು ನಕ್ಕರು. "ನಿನ್ನ ಕಾಲು ಎಂದೋ ಆರಾಮ ಆಗೇತವ್ವ. ಇಷ್ಟು ದಿನಾ ನೀ ಉಂಡದ್ದು ಅವರ ನೋವು."

ಕುಸ್ತಿ ಉಳಿಯಿತೆಂಬ ಹಿಗ್ಗಿನ ಜಾಗದಲ್ಲಿ ನೀಲವ್ವನಿಗೆ ಅಳು ಬಂತು. ಆ ನೋವು ಎಂಥದೆಂದು ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅದನ್ನು ಇಟ್ಟುಕೊಂಡೇ ಆ ಮನುಷ್ಯ, ಅವಳಿಗೆ ಪೆಟ್ಟಾಗುವವರೆಗೂ, ದಿನಾ ಮುಂಜಾನೆ ಅವಳ ಜೊತೆ ಓಡಿದ್ದರು.

ವಸ್ತಾದರು ಒಳಬಂದು ಕುರ್ಚಿಯಲ್ಲಿ ಕೂತರು. ನೀಲವ್ವ ಎಣ್ಣೆ ಬಟ್ಟಲು ಹಿಡಿದು ಅವರ ಕಾಲಬಳಿ ಕುಳಿತಳು.

"ಏನವ್ವ ಇದು? ಏಳ ಮ್ಯಾಲ."

"ಎಷ್ಟು ವರ್ಷಾತ್ರಿ ಇದು?"

ವಸ್ತಾದರು ಏನೋ ಹೇಳಹೊರಟರು. ಸುಳ್ಳು ಹೇಳಿ ಉಪಯೋಗವಿರಲಿಲ್ಲ; ಈ ನೋವಿನ ಮಟ್ಟಿಗೆ ಜಗತ್ತಿನಲ್ಲಿ ಅವರಷ್ಟೇ ಬಲ್ಲವಳು ಎದುರಿಗೆ ಕೂತಿದ್ದಳು.

"ಭಾಳ ನೋಯತೈತಿ, ನೀಲಾ," ಎಂದು ಅವರು ಕಾಲು ಚಾಚಿದರು.