ಶನಿವಾರದ ಜೋಡಿ ಕಾರ್ಡ್

"ಜೋಡಿ ಕಾರ್ಡ್ ಅಂದ್ರೆ ಗಂಡ-ಹೆಂಡತೀನೇ ಆಗಿರ್ಬೇಕಾ?"

ಬೆನ್ನ ಹಿಂದಿನಿಂದ ಬಂದ ಪ್ರಶ್ನೆಗೆ ಅವಳು ಗಕ್ಕನೆ ತಿರುಗಿದಳು. ಹೆಗಲಿಗೆ ಉಪಕರಣಗಳ ಚೀಲ ತಗುಲಿಸಿಕೊಂಡಿದ್ದ ಗಂಡಸು. ಅವನು ಕೇಳಿದ್ದು ಅವಳನ್ನಲ್ಲ, ಟಿಕೆಟ್ ಕೌಂಟರಿನಾಕೆಯನ್ನು. ಆದರೂ ಅವಳ ಮುಖ ಬಿಸಿಯಾಯಿತು.

ಆಗಿದ್ದಿಷ್ಟು. ಅವಳ ಫೋನಿನಲ್ಲಿದ್ದ ರೈಲು ರಿಯಾಯಿತಿ ಕಾರ್ಡಿನ ಅವಧಿ ಮುಗಿದಿತ್ತು. ಹೊಸದು ಕೊಳ್ಳಲು ಆ್ಯಪ್ ತೆರೆದರೆ ಒಂಟಿ ಪ್ರಯಾಣಿಕರಿಗೆ ಯಾವ ಆಫರೂ ಇರಲಿಲ್ಲ. ಅರ್ಧ ಬೆಲೆಯ ಆಫರ್ ಇದ್ದದ್ದು ಇಬ್ಬರು ಸೇರಿ ತೆಗೆದುಕೊಳ್ಳುವ ಜೋಡಿ ಕಾರ್ಡಿಗೆ ಮಾತ್ರ, ಅದಕ್ಕೂ ಅವತ್ತೇ ಕೊನೆ. ಒಂಟಿಯಾಗಿ ಓಡಾಡುವವರು ಏನು ಪಾಪ ಮಾಡಿದ್ದಾರೆ ಎಂದು ಅವಳು ಕೌಂಟರಿನಲ್ಲಿ ವಾದಕ್ಕೆ ನಿಂತಿದ್ದಳು. ಹಿಂದೆ ಸಾಲು ಬೆಳೆಯುತ್ತಿತ್ತು.

ಕೌಂಟರಿನಾಕೆ ನಕ್ಕಳು. "ನಿಮ್ಮ ಸಂಬಂಧ ಕಟ್ಕೊಂಡು ಆ್ಯಪ್‌ಗೆ ಏನಾಗ್ಬೇಕು? ಇಬ್ಬರ ಫೋಟೋ ಸಾಕು. ಪ್ರಯಾಣ ಮಾತ್ರ ಒಟ್ಟಿಗೇ ಮಾಡ್ಬೇಕು, ಅಷ್ಟೇ."

ಅವನೂ ಪ್ರತಿ ಶನಿವಾರ ಅವಳು ಹೋಗುವ ಊರಿಗೇ, ಅದೇ ರೈಲಿನಲ್ಲಿ ಹೋಗುತ್ತಿದ್ದ. ಲಿಫ್ಟ್ ಮೆಕ್ಯಾನಿಕ್. ಅಲ್ಲಿನ ಹಳೆಯ ಆಸ್ಪತ್ರೆಯ ಲಿಫ್ಟ್‌ಗಳನ್ನು ವಾರಕ್ಕೊಮ್ಮೆ ನೋಡಿಕೊಳ್ಳುವ ಗುತ್ತಿಗೆ ಅವನದು. ಸಾಯಂಕಾಲ ವಾಪಸ್. ಅವಳೂ ಅಷ್ಟೇ. ಅಣ್ಣನ ಮನೆಯಲ್ಲಿದ್ದ ಅಪ್ಪನಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತ್ತು. ಶನಿವಾರ ಹೋಗಿ, ಅವರ ಗಡ್ಡ ಬೋಳಿಸಿ, ಮರಗಟ್ಟಿದ ಬೆರಳು ನೀವಿ, ಒಂದೊಂದೇ ಪದ ಹೇಳಿಸಿ ಬರುತ್ತಿದ್ದಳು.

ಇಬ್ಬರೂ ಸೇರಿ ತೆಗೆಯೋಣವೇ ಎಂದ ಅವನನ್ನು ಅವಳು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಷರತ್ತು ಹಾಕಿದಳು. ದುಡ್ಡು ಸಮಪಾಲು. ರೈಲಿನಲ್ಲಿ ಮಾತ್ರ ಒಟ್ಟಿಗೆ, ಇಳಿದ ಮೇಲೆ ಅವರವರ ದಾರಿ ಅವರವರದು.

"ನನಗೆ ಯಾರ ಹಂಗೂ ಬೇಡ. ಅದೊಂದು ನೆನಪಿರಲಿ."

ಅವನು ತಲೆಯಾಡಿಸಿ ಗೋಡೆಗೆ ಒರಗಿ ನಿಂತು ಫೋಟೋ ತೆಗೆದುಕೊಂಡ. ಆಫರಿನ ಕೋಡ್ ಹಾಕಿದ. ನಿಮಿಷವೂ ಆಗಲಿಲ್ಲ, ಇಬ್ಬರ ಫೋನಿನಲ್ಲೂ ಒಂದೇ ಕಾರ್ಡು ಮೂಡಿತು. ಅಕ್ಕಪಕ್ಕ ಎರಡು ಮುಖ, ಎರಡಕ್ಕೂ ನಗುವಿಲ್ಲ.

ಮೊದಲ ವಾರಗಳಲ್ಲಿ ಅವರು ಎದುರುಬದುರು ಕುಳಿತರೂ ಅಪರಿಚಿತರೇ. ಆ್ಯಪಿನಲ್ಲಿ ಟಿಕೆಟ್ ತೆಗೆಯುವ ಕೆಲಸ ಮಾತ್ರ ತಾನಾಗಿಯೇ ಅವನದಾಯಿತು. ಅವಳು ಒಮ್ಮೆ ತೆಗೆಯಲು ಹೋಗಿ, ಕಾರ್ಡನ್ನು ಆರಿಸುವುದನ್ನೇ ಮರೆತು, ಇಬ್ಬರಿಗೂ ಪೂರ್ತಿ ದರ ಕಟ್ಟಿಸಿದ್ದಳು. ಮುಂದಿನ ವಾರದಿಂದ ಅವನೇ ತೆಗೆದ. ಅವಳು ತನ್ನ ಪಾಲು ತಕ್ಷಣ ಕಳಿಸುತ್ತಿದ್ದಳು.

ಆಮೇಲೆ ಮಾತು ಹೇಗೆ ಶುರುವಾಯಿತೋ ಇಬ್ಬರಿಗೂ ನೆನಪಿಲ್ಲ. ಅವಳು ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿದ್ದಳು. ಮುಖ ಮರೆತರೂ ಹಲ್ಲಿನ ಸಾಲು ಮರೆಯುವುದಿಲ್ಲ ಎಂದಳು. ಅವನು ಅವತ್ತೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದ. ಅದನ್ನು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಲಿಫ್ಟಿನೊಳಗೆ ಸಿಕ್ಕಿಬಿದ್ದವರು ಹೊರಗೆ ಬಂದ ತಕ್ಷಣ ಮೊದಲು ಯಾರಿಗೆ ಫೋನ್ ಮಾಡುತ್ತಾರೆ ಎಂಬುದರ ಬಗ್ಗೆ ಅವನ ಹತ್ತಿರ ಬೇಕಾದಷ್ಟು ಕಥೆಗಳಿದ್ದವು.

ವಾಪಸ್ ಬರುವಾಗ ಅವಳು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗುತ್ತಿದ್ದಳು. ಒಂದು ಸಂಜೆ ಟಿಕೆಟ್ ತಪಾಸಣೆಯವರು ಬಂದರು. ಸ್ಕ್ರೀನ್‌ಶಾಟ್ ನಡೆಯದು, ಇಬ್ಬರ ಫೋನಿನಲ್ಲೂ ಕಾರ್ಡು ತೆರೆದು ತೋರಿಸಬೇಕು. ಅವಳಿಗೆ ಅರೆ ಎಚ್ಚರ. ಅವನು ತಗ್ಗಿದ ದನಿಯಲ್ಲಿ ಅವರಿಗೆ ಹೇಳುತ್ತಿದ್ದ...

"ಬೆಳಿಗ್ಗೆಯಿಂದ ದಣಿದಿದಾರೆ ಸರ್. ಉಳಿದವರದ್ದು ನೋಡ್ಕೊಂಡು ಬನ್ನಿ, ಅಷ್ಟರಲ್ಲಿ ಏಳ್ತಾರೆ. ನಾನೇನು ಓಡಿಹೋಗಲ್ಲ."

ಅವಳು ಕಣ್ಣು ತೆರೆಯಲಿಲ್ಲ. ತೆರೆದಿದ್ದರೆ ಒದ್ದೆಯಾಗಿದ್ದು ಗೊತ್ತಾಗುತ್ತಿತ್ತು. ಅಪ್ಪ ಹಾಸಿಗೆ ಹಿಡಿದ ಮೇಲೆ ಅವಳ ದಣಿವನ್ನು ಗಮನಿಸಿದವರು ಯಾರೂ ಇರಲಿಲ್ಲ.

ಆವತ್ತಿನಿಂದ ಶನಿವಾರ ಬೆಳಿಗ್ಗೆ ಕನ್ನಡಿಯ ಮುಂದೆ ನಿಲ್ಲುವ ಹೊತ್ತು ಹೆಚ್ಚಾಯಿತು.

ಅಷ್ಟರಲ್ಲಿ ಅತ್ತಿಗೆ ಆ ಊರಿನ ಸ್ಟೇಷನ್ನಿನೊಳಗಿನ ಔಷಧಿ ಅಂಗಡಿಗೆ ಹೊಸದಾಗಿ ಕೆಲಸಕ್ಕೆ ಸೇರಿದಳು. ಒಂದು ಶನಿವಾರ ನಾದಿನಿ ರೈಲಿನಿಂದ ಇಳಿಯುವುದನ್ನು ಕಂಡಳು. ಜೊತೆಗಿಳಿದವನನ್ನೂ ಕಂಡಳು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವಳೇ ನಾದಿನಿಯನ್ನು ಅಡುಗೆಮನೆಗೆ ಕರೆದು, ಆ ಮನುಷ್ಯ ಏನು ಕೆಲಸ ಮಾಡುತ್ತಾನೆ ಎಂದು ವಿಚಾರಿಸಿದಳು. ಆಸ್ಪತ್ರೆಯ ಲಿಫ್ಟ್ ರಿಪೇರಿ ಎಂದಾಗ ಅತ್ತಿಗೆಯ ಹುಬ್ಬು ಮೇಲೇರಿತು. ಅವನು ಸ್ಟೇಷನ್ ಬಿಟ್ಟು ಹೋಗಿಯೇ ಇರಲಿಲ್ಲವಂತೆ. ಬೆಳಿಗ್ಗೆಯಿಂದ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೇ ಕೂತಿದ್ದನಂತೆ.

ಅವಳು ಅತ್ತಿಗೆಯಿಂದ ಮುಖ ತಿರುಗಿಸಿಕೊಂಡಳು.

ಅದಕ್ಕೆ ಕಾರಣವಿತ್ತು. ಹಿಂದೊಮ್ಮೆ ಅವಳ ಮದುವೆ ಗೊತ್ತಾಗಿತ್ತು. ಆ ಹುಡುಗ ದಿನಾ ಬೆಳಿಗ್ಗೆ ಆಫೀಸಿಗೆಂದು ಇಸ್ತ್ರಿ ಅಂಗಿ ತೊಟ್ಟು ಹೊರಟು, ಪಾರ್ಕಿನಲ್ಲಿ ಕೂತು ಮನೆಗೆ ಮರಳುತ್ತಿದ್ದ. ಕೆಲಸ ಹೋಗಿ ಎಷ್ಟೋ ಕಾಲವಾಗಿತ್ತು. ಅದು ಬಯಲಾದಾಗ ಆಮಂತ್ರಣವೆಲ್ಲ ಹಂಚಿ ಮುಗಿದಿತ್ತು. ಕೆಲಸವಿಲ್ಲದ್ದು ಅವಳಿಗೆ ದೊಡ್ಡದೆನಿಸಿರಲಿಲ್ಲ. ದಿನಾ ಸಂಜೆ ಅವನು ಫೋನಿನಲ್ಲಿ ಹೇಳುತ್ತಿದ್ದ ಆಫೀಸಿನ ಕಥೆಗಳಿದ್ದವಲ್ಲ, ಅವು ಅವಳನ್ನು ಕೊಂದಿದ್ದವು.

'ಮತ್ತೆ ಅದೇ... ಮತ್ತೆ ನನಗೇ.'

ಸಂಜೆಯ ರೈಲಿನಲ್ಲಿ ಅವಳು ಸಹಜವಾಗಿ ಕೇಳುವಂತೆ ಕೇಳಿದಳು. "ಇವತ್ತು ಕೆಲಸ ಹೇಗಾಯ್ತು?"

"ಬಾಗಿಲಿನ ರೋಲರ್ ಸವೆದಿತ್ತು. ಬದಲಾಯಿಸಿದೆ," ಎಂದ ಅವನು, ಕಿಟಕಿಯತ್ತ ನೋಡುತ್ತಾ.

ಅವಳು ಅವನ ಕೈ ನೋಡಿದಳು. ಉಗುರಿನ ಸಂದಿಯಲ್ಲೂ ಗ್ರೀಸಿನ ಕಲೆ ಇರಲಿಲ್ಲ.

ಅವಳು ಜಗಳವಾಡಲಿಲ್ಲ. ಕಾರ್ಡಿನ ವರ್ಷ ಮುಗಿಯುತ್ತ ಬಂದಾಗ ಆ್ಯಪಿನಲ್ಲಿ ಸಂದೇಶ ಬಂತು: ಇಬ್ಬರೂ ಒಪ್ಪಿ ನವೀಕರಿಸಿದರೆ ಹಿಂದಿನದಕ್ಕಿಂತ ಹೆಚ್ಚಿನ ರಿಯಾಯಿತಿ. ಕೆಳಗೆ ಅವನ ಒಪ್ಪಿಗೆ ಆಗಲೇ ಬಿದ್ದಿತ್ತು. ಅವಳು 'ಬೇಡ' ಎಂಬುದನ್ನು ಒತ್ತಿ, ಪೂರ್ತಿ ಬೆಲೆಗೆ ಒಂಟಿ ಕಾರ್ಡು ಕೊಂಡಳು. ಅವನ ಕರೆಗಳನ್ನು ಎತ್ತಲಿಲ್ಲ.

ಸಂಜೆ ಒಂದೇ ಒಂದು ಮೆಸೇಜು ಬಂತು. 'ಆಯ್ತು. ಕಿಟಕಿ ಪಕ್ಕದ ಸೀಟು ಬೇಕಿದ್ರೆ ಟಿಕೆಟ್ ತೆಗೆಯುವಾಗಲೇ ಆರಿಸಿಕೊಳ್ಳಿ. ಆ್ಯಪ್ ತಾನಾಗಿ ಕೊಡಲ್ಲ.'

ಅವಳು ಅದನ್ನು ಓದಿ ಫೋನ್ ಮಗುಚಿಟ್ಟಳು. ಇಷ್ಟು ದಿನ ಕಿಟಕಿ ತನಗೆ ಅದೃಷ್ಟದಿಂದ ಸಿಗುತ್ತಿದೆ ಎಂದೇ ಅವಳು ಅಂದುಕೊಂಡಿದ್ದಳು.

ಅವಳು ಒಂಟಿಯಾಗಿ ಹೋದಳು, ಒಂಟಿಯಾಗಿ ಬಂದಳು. ಎದುರಿನ ಸೀಟಿನಲ್ಲಿ ಯಾರ‍್ಯಾರೋ ಕೂತರು. ಅವಳಿಗೆ ನಿದ್ದೆ ಹತ್ತಲಿಲ್ಲ. ಹಾಗೆ ಕೆಲವು ಶನಿವಾರ ಕಳೆದವು.

ಅವಳ ಮೋರೆ ನೋಡಲಾರದೆ ಅತ್ತಿಗೆಯೇ ಒಂದು ದಿನ ಬಾಯಿಬಿಟ್ಟಳು. ಆ ಮನುಷ್ಯ ಕಾಣುತ್ತಿಲ್ಲವಲ್ಲ ಎಂದಳು. ಅವನು ಬರುತ್ತಿದ್ದಾಗ ಅಂಗಡಿಯಿಂದ ದಿನವಿಡೀ ಕಾಣುತ್ತಿದ್ದನಂತೆ. ಡಬ್ಬಿಯ ಊಟ ಮಾಡುತ್ತಿದ್ದ, ಪೇಪರನ್ನು ಮಡಿಕೆ ಹರಿಯುವ ತನಕ ಓದುತ್ತಿದ್ದ. ಸಂಜೆ ರೈಲಿಗೆ ಮುಂಚೆ ಎದ್ದು ಸ್ಟೇಷನ್ನಿನ ಹೊರಗೆ ಹೋಗಿ, ಊರೊಳಗಿಂದ ಈಗ ಬಂದವನಂತೆ ದಾಪುಗಾಲು ಹಾಕುತ್ತಾ ಒಳಗೆ ಬರುತ್ತಿದ್ದ. ಮೊದಲು ಕಳ್ಳನಿರಬೇಕೆಂದು ಅತ್ತಿಗೆಗೆ ಅನುಮಾನವಿತ್ತು. ಆಮೇಲೆ ಅರ್ಥವಾಗಿತ್ತು.

"ಏನು ಅರ್ಥ ಆಯ್ತು?"

"ಅಯ್ಯೋ ಮಹಾರಾಯ್ತಿ, ಈ ಊರಲ್ಲಿ ಏನೂ ಕೆಲಸ ಇಲ್ಲದವನು ಟಿಕೆಟ್ ತಗೊಂಡು ವಾರ ವಾರ ಯಾಕೆ ಬರ್ತಾನೆ? ಆ ಬೆಂಚು ಅಷ್ಟು ಚೆನ್ನಾಗಿದ್ಯಾ?"

ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. ಸಿಟ್ಟಿನ ಭರದಲ್ಲಿ ತಾನು ಇಷ್ಟು ಸಣ್ಣ ಲೆಕ್ಕ ಹಾಕಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಆದರೆ ಸುಳ್ಳು ಸುಳ್ಳೇ. ಅದನ್ನು ಅವನ ಬಾಯಿಂದಲೇ ಕೇಳಬೇಕಿತ್ತು.

ಸೋಮವಾರ ಮಧ್ಯಾಹ್ನ ಲ್ಯಾಬಿನಿಂದ ಕರೆ ಮಾಡಿದಳು. ಕೈಯೆಲ್ಲ ಗ್ರೀಸು, ಆಮೇಲೆ ಮಾಡ್ತೀನಿ ಎಂದ. ಎಲ್ಲಿದ್ದೀರಿ ಎಂದು ಕೇಳಿ, ಬಿಳಿ ಕೋಟು ಕಳಚುವುದನ್ನೂ ಮರೆತು ಹೊರಟಳು.

ಅದೊಂದು ಹಳೆಯ ವಸತಿ ಕಟ್ಟಡ. ಎರಡನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು, ಅಡ್ಡಕ್ಕೆ ದುರಸ್ತಿಯ ಫಲಕ. ಲಿಫ್ಟಿನ ಚಾವಣಿಯ ಮೇಲೆ ಅವನು ಕೂತಿದ್ದ. ಅವನ ತಲೆ ಅವಳ ಮೊಣಕಾಲಿನ ಮಟ್ಟಕ್ಕಿತ್ತು. ಪಕ್ಕದ ಮೆಟ್ಟಿಲ ಮೇಲೆ ಒಬ್ಬ ಅಜ್ಜಿ ಸಾಮಾನಿನ ಚೀಲ ತಬ್ಬಿಕೊಂಡು ಲಿಫ್ಟಿಗಾಗಿ ಕಾಯುತ್ತಿದ್ದಳು.

"ಸ್ಟೇಷನ್ ಬೆಂಚಿನ ಮೇಲೆ ಕೂತು ಏನು ಮಾಡ್ತಿದ್ರಿ?" ಅವಳು ನೇರವಾಗಿ ಕೇಳಿದಳು.

ಅವನ ಕೈ ನಿಂತಿತು. "ಸಾಯಂಕಾಲ ಆಗ್ಲಿ ಅಂತ ಕಾಯ್ತಿದ್ದೆ."

"ಆಸ್ಪತ್ರೆ ಕೆಲಸ?"

"ಯಾವಾಗ್ಲೋ ಮುಗೀತು. ಹೊಸ ಲಿಫ್ಟ್ ಹಾಕಿದ್ರು. ನನ್ನ ಅಗತ್ಯ ಇರ್ಲಿಲ್ಲ."

"ನನಗೆ ಹೇಳಬಹುದಿತ್ತು."

"ಹೇಳಿದ್ರೆ ಅವತ್ತೇ ಕಾರ್ಡು ರದ್ದು ಮಾಡ್ತಿದ್ರಿ. ಯಾರ ಹಂಗೂ ಬೇಡ ಅಂದಿದ್ರಲ್ಲ."

ಅದು ನಿಜ. ಖಂಡಿತ ರದ್ದು ಮಾಡುತ್ತಿದ್ದಳು. ಅವಳ ದನಿ ತಗ್ಗಿತು.

"ಅಂದ್ರೆ... ಪಾಪ ಅಂತ ಬರ್ತಿದ್ರಾ? ನನ್ನ ರಿಯಾಯಿತಿ ತಪ್ಪದಿರ್ಲಿ ಅಂತ?"

"ಪಾಪ ಅನ್ಸಿದ್ರೆ ಆ ದುಡ್ಡು ನಿಮಗೆ ಕೊಟ್ಟು ಮನೇಲಿ ಮಲಗ್ತಿದ್ದೆ. ಅಗ್ಗಕ್ಕೆ ಮುಗೀತಿತ್ತು." ಅವನು ಬಟ್ಟೆಯಲ್ಲಿ ಕೈ ಒರೆಸಿಕೊಂಡ. "ನನಗೆ ಬೇಕಾಗಿದ್ದು ಆ ಹೋಗೋ ಹೊತ್ತು, ಬರೋ ಹೊತ್ತು. ಮಧ್ಯದ್ದು ಹೇಗೋ ಕಳೀತಿತ್ತು."

ಅಜ್ಜಿ ಚೀಲವನ್ನು ಕೆಳಗಿಟ್ಟು ಸರಿಯಾಗಿ ಕೂತಳು.

ಅವಳು ಅವನಿಗೆ ಮುರಿದ ಮದುವೆಯ ವಿಷಯ ಹೇಳಿದಳು. ಇಸ್ತ್ರಿ ಅಂಗಿ, ಪಾರ್ಕು, ಆಫೀಸಿನ ಕಥೆಗಳು, ಎಲ್ಲ. ಯಾರಿಗೂ ಹೀಗೆ ಒಂದೇ ಉಸಿರಿಗೆ ಹೇಳಿರಲಿಲ್ಲ. ಕೊನೆಗೆ ಅಂದಳು, "ಒಳ್ಳೇ ಮನಸ್ಸಿಂದ ಹೇಳಿದ್ರೂ ಸುಳ್ಳು ನನಗೆ ಆಗಲ್ಲ."

ಅವನು ಸಮರ್ಥನೆಗೆ ಇಳಿಯಲಿಲ್ಲ. "ತಪ್ಪಾಯ್ತು. ಇನ್ನು ಹೇಳಲ್ಲ." ಕೈಯಲ್ಲಿದ್ದ ಬಟ್ಟೆ ಪಕ್ಕಕ್ಕಿಟ್ಟ. "ಹಾಗಾದ್ರೆ ನಿಜಾನೂ ಹೇಳಿಬಿಡ್ತೀನಿ. ನಿಮ್ಮನ್ನ ಕಂಡ್ರೆ ನನಗಿಷ್ಟ. ತುಂಬಾ ದಿನದಿಂದ."

ಅವಳು ಹೇಳಬೇಕೆಂದಿದ್ದ ಮಾತು ಬರಲಿಲ್ಲ. ಬಂದದ್ದು ಬೇರೆಯೇ.

"ನಾನು ಒಂಟಿ ಕಾರ್ಡು ತಗೊಂಡ್ಬಿಟ್ಟೆ. ಮಧ್ಯದಲ್ಲಿ ಜೋಡಿಗೆ ಬದಲಾಯಿಸೋಕೆ ಆಗಲ್ವಂತೆ."

"ಪೂರ್ತಿ ದರ ಕೊಟ್ಟು ಬರ್ತೀನಿ."

"ಬೆಂಚಿಗಲ್ಲ. ಮನೆಗೆ ಬರ್ಬೇಕು. ಅಪ್ಪನ್ನ ನೋಡ್ಬೇಕು."

"ಬರ್ತೀನಿ."

"ನಿಮ್ಮ ಮಾತು ಮುಗೀತಾ?" ಎಂದಳು ಅಜ್ಜಿ. "ಮುಗೀದಿದ್ರೂ ಪರವಾಗಿಲ್ಲ. ನಾನು ಕೂತಿದೀನಿ."

ಇಬ್ಬರೂ ನಕ್ಕರು. ಅವನು ಈ ಸಲ ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ. ಮೇಲೆ ಹತ್ತಿ ಬರಲು ಅಂಚು ಹಿಡಿದು ಎದ್ದ. ಅವಳು ಬಗ್ಗಿ ಕೈ ಚಾಚಿದಳು.

"ಹುಷಾರು, ನಿಧಾನಕ್ಕೆ ಹತ್ತು."

ಅವನು ಅಲ್ಲೇ ನಿಂತ. "ಏನಂದ್ರಿ?"

ಬಹುವಚನ ಎಲ್ಲಿ ಜಾರಿಹೋಯಿತೋ ಅವಳಿಗೇ ತಿಳಿಯಲಿಲ್ಲ. ಹುಡುಕಲೂ ಹೋಗಲಿಲ್ಲ.

"ಹತ್ತು ಅಂದೆ."

"ಹತ್ತೀನಿ," ಎಂದ ಅವನು, ಗ್ರೀಸಿನ ಕೈಯಲ್ಲೇ ಅವಳ ಕೈ ಹಿಡಿದು. "ನೀನು ಗಟ್ಟಿಯಾಗಿ ನಿಂತ್ಕೋ."