ಮಸಿ ಹಿಡಿಯದ ತಂತಿ

ಭಾನುವಾರ ಬೆಳಿಗ್ಗೆ ಬಿಕರ್ನಕಟ್ಟೆಯ ಡೆನ್ಜಿಲ್ ಠಾಣೆಗೆ ಬಂದು ದೂರು ಕೊಟ್ಟ. ಮನೆಯವರೆಲ್ಲ ಚರ್ಚಿಗೆ ಹೋಗಿದ್ದಾಗ ಹಾಲ್ ಕೋಣೆಗೆ ಬೆಂಕಿ ಬಿದ್ದಿದೆ, ತಾನು ಮರಳುವಾಗ ಹಿಂಬಾಗಿಲಿನಿಂದ ಹೊರಬಂದವನು ಪಕ್ಕದ ಮನೆಯ ಹಾಶಿಂ. ಇಬ್ಬರಿಗೂ ಕಂಪೌಂಡಿನ ತಕರಾರು ಹಳೆಯದು. ಎಫ್‌ಐಆರ್ ದಾಖಲಾಯಿತು.

“ನಾನು ಬೆಂಕಿ ನಂದಿಸ್ಲಿಕ್ಕೆ ಹೋದದ್ದು ಮೇಡಂ,” ಎಂದ ಹಾಶಿಂ. ಅವನ ಅಂಗೈ ಸುಟ್ಟಿತ್ತು. “ಬುಧವಾರ ದಮ್ಮಾಮಿಗೆ ಫ್ಲೈಟ್ ಉಂಟು. ಕೇಸಲ್ಲಿ ಸಿಕ್ಕಿದ್ರೆ ಅಲ್ಲಿನ ಕೆಲಸ ಹೋಯ್ತು.”

ಇನ್ಸ್‌ಪೆಕ್ಟರ್ ರತ್ನಾವತಿ ಪಂಚನಾಮೆಗೆ ಹೊರಟರು. ಅವರು ಬಾಯಿಮಾತು ನಂಬುವವರಲ್ಲ, ಅಳುವವರ ಮಾತನ್ನಂತೂ ಇಲ್ಲವೇ ಇಲ್ಲ.

ಡೆನ್ಜಿಲ್ ಅರ್ಧ ಕರಗಿದ ಕರೆಂಟಿನ ಬಾಕ್ಸ್ ತೋರಿಸಿದ. “ಇದು ಆರ್ಕ್ ಫಾಲ್ಟ್ ಡಿವೈಸ್. ವಯರಿನೊಳಗೆ ಕಿಡಿ ಹಾರಿದ್ರೆ ಕರೆಂಟ್ ಕಡೀತದೆ. ಮಾಮೂಲಿ ಬ್ರೇಕರಿಗೆ ಅದು ಗೊತ್ತಾಗುದಿಲ್ಲ. ಇದರ ಸ್ವಿಚ್ ಬೀಳ್ಲಿಲ್ಲ ನೋಡಿ. ಹಾಗಾದ್ರೆ ಬೆಂಕಿ ಯಾರೋ ಹಚ್ಚಿದ್ದೇ.”

“ಮನೆಗೆಲ್ಲ ಇದು ಬೇಕಾ ಮಾರಾಯ್ರೆ?” ಎಂದ ಕಾನ್‌ಸ್ಟೇಬಲ್ ಚಿತ್ತರಂಜನ.

ರತ್ನಾವತಿ ಟಾರ್ಚ್ ಹಾಕಿದರು. ಬಾಕ್ಸಿನೊಳಗೆಲ್ಲ ಮಸಿ. ಡಿವೈಸಿಗೆ ಸೇರಿದ ಎರಡು ತಂತಿ ಮಾತ್ರ ಫಳಫಳ! ಬೆಂಕಿ ಆರಿದ ಮೇಲೆ ಯಾರೋ ಜೋಡಿಸಿದ್ದಾರೆ. ಅವರು ಡೆನ್ಜಿಲನ ತಾಯಿ ಎಸ್ತೆರ್ ಬಾಯಿಯತ್ತ ತಿರುಗಿದರು.

“ಬಾಯಮ್ಮ, ಈ ಡಿವೈಸ್ ಮೊದಲು ಬೀಳ್ತಿತ್ತಾ?”

“ದಿನಾ! ಸಂಜೆ ತೇರ್ಸ್ ಪ್ರಾರ್ಥನೆಗೆ ಕೂತ್ರೆ ಟಕ್ ಅಂತ ಬೀಳ್ತಿತ್ತು. ಆಲ್ತಾರಿನ ದೀಪ ಹೋದ್ರೆ ನನಗೆ ಸಂಕಟ. ಮಗ ಸರಿ ಮಾಡಿದ.”

ಹಾಲ್‌ನಲ್ಲಿದ್ದ ಆ ದೇವರ ಪೀಠದ ಹಿಂದಿನ ಗೋಡೆ ಒಡೆಸಿದರು. ಯೇಸುವಿನ ಪಟಕ್ಕೆ ಹೊಡೆದ ಮೊಳೆ ದೀಪದ ವಯರನ್ನು ಸೀಳಿತ್ತು. ಬೆಂಕಿ ಹುಟ್ಟಿದ್ದು ಅಲ್ಲೇ. ಪಾಪದ ಡಿವೈಸ್ ದಿನವೂ ನಿಜ ಹೇಳಿ ಬೈಸಿಕೊಂಡಿತ್ತು.

“ಡಿವೈಸ್ ತಪ್ಪಿಸಿ ಕರೆಂಟ್ ಬೈಪಾಸ್ ಮಾಡಿದ್ದು ಯಾರು?”

“ನಾನೇ,” ಎಂದ ಡೆನ್ಜಿಲ್. “ಬೆಂಕಿ ಆರಿದ ಮೇಲೆ ಪುನಃ ಜೋಡಿಸಿದೆ.”

“ಹಾಶಿಂನನ್ನು ಯಾಕೆ ಎಳೆದಿ?”

“ಅಮ್ಮನ ದೀಪದಿಂದಲೇ ಮನೆ ಸುಟ್ಟಿತು ಅಂತ ಅಮ್ಮನಿಗೆ ಗೊತ್ತಾಗ್ಬಾರದು ಅಂತ.”

ಸುಳ್ಳು ದೂರು ಕೊಟ್ಟ, ಸಾಕ್ಷ್ಯ ತಿರುಚಿದ ಆರೋಪದ ಮೇಲೆ ಅವನ ಬಂಧನವಾಯಿತು. “ಮನೆಗೆ ಇದು ಬೇಕು ಮೇಡಂ, ಖಂಡಿತ ಬೇಕು,” ಎಂದ ಚಿತ್ತರಂಜನ ಆ ಡಿವೈಸನ್ನು ಜೋಪಾನವಾಗಿ ಸೀಲ್ ಮಾಡಿದ. ಪಕ್ಕದ ಮನೆಗೆ ಸುದ್ದಿ ಮುಟ್ಟಿದ್ದೇ ತಡ, ಹಾಶಿಂನ ಹೆಂಡತಿ ಝಹ್ರಾ ಅಂಗಳದಲ್ಲೇ ಕೂಗಿ ಅತ್ತಳು. ರತ್ನಾವತಿಗೂ ಖುಷಿ ತಡೆಯಲಾಗಲಿಲ್ಲ. ಬುಧವಾರದ ಫ್ಲೈಟ್ ಉಳಿದಿತ್ತು.

ಜೀಪಿನ ಬಳಿ ಎಸ್ತೆರ್ ಬಾಯಿ ಮಗನ ಕೈ ಹಿಡಿದರು.

“ದೀಪ ಹೋದ್ರೆ ಪುನಃ ಹಚ್ಚುತ್ತಿದ್ದೆ ಮಗಾ. ಆ ಹುಡುಗನ ಹೆಸರು ಹೋಗಿದ್ರೆ ಎಂತ ಹಚ್ಚುದು?”